ನಮ್ಮೂರಿನ ಚಳಿಗಾಲ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2025ರ ಜನವರಿಯಲ್ಲಿ ನಡೆದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ನಮ್ಮ ಚಳಿಗಾಲ'. ಮೂವತ್ತೆಂಟು ವರ್ಷ ಹವಾಮಾನ ಇಲಾಖೆಯಲ್ಲಿ ವೀಕ್ಷಕನಾಗಿ ದುಡಿದವನು ಎಂಬ ಕಾರಣಕ್ಕೆ ಕೊಟ್ಟಿದ್ದಾರೆ. ಆದರೆ ದಯವಿಟ್ಟು ಒಮ್ಮೆ ಮೇಲೆ ನೋಡಿ. ಸಭಾಂಗಣದ ಎಲ್ಲ ಫ್ಯಾನುಗಳೂ ತಿರುಗುತ್ತಿವೆ. ಹಿಂದಿನ ಸಾಲಿನಲ್ಲಿ ಕುಳಿತ ಮಹನೀಯರೊಬ್ಬರು ಆಮಂತ್ರಣ ಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಇದು ಜನವರಿ ತಿಂಗಳು. ಪಂಚಾಂಗ ತೆಗೆದು ನೋಡಿದರೆ ಗಟ್ಟಿ ಚಳಿಗಾಲ! ಹಾಗಾದರೆ ತಪ್ಪಿದ್ದು ಪಂಚಾಂಗವೋ, ಫ್ಯಾನೋ? ಈ ಪ್ರಶ್ನೆ ನನಗೆ ಮೊದಲು ಹುಟ್ಟಿದ್ದು ಇದೇ ಶಾಲೆಯ ಜಗಲಿಯಲ್ಲಿ. ಅಲ್ಲಿಂದಲೇ ಸುರು ಮಾಡುತ್ತೇನೆ.

1974ರಲ್ಲಿ ಈ ಶಾಲೆ ಆರಂಭವಾದಾಗ ಇದ್ದದ್ದು ಎರಡು ಕೋಣೆ, ಒಂದು ಉದ್ದದ ಜಗಲಿ, ಹಂಚಿನ ಮಾಡು. ಮರುವರ್ಷ ನಮಗೆ ವಿಜ್ಞಾನದ ಮಾಸ್ಟ್ರೊಬ್ಬರು ಬಂದರು. ಪ್ರಯೋಗಶಾಲೆ ಇರಲಿಲ್ಲ. ಅವರ ಕೈಯಲ್ಲಿ ಒಂದು ಉಷ್ಣಮಾಪಕ ಇತ್ತು, ಅಷ್ಟೆ. ಹಳೆಯ ಪ್ಯಾಕಿಂಗ್ ಹಲಗೆಗಳಿಂದ ಒಂದು ಪೆಟ್ಟಿಗೆ ಮಾಡಿಸಿ, ಗಾಳಿ ಆಡುವಂತೆ ಸಂದು ಬಿಟ್ಟು, ಬಿಸಿಲು ತಾಗದ ಬಡಗು ಮಗ್ಗುಲಲ್ಲಿ ನೇತುಹಾಕಿದರು. ದಿನಕ್ಕೆ ಮೂರು ಸಲ ಓದಿ ಬರೆಯಬೇಕು: ಬೆಳಗ್ಗೆ ಶಾಲೆ ಕೂಡುವಾಗ, ಮಧ್ಯಾಹ್ನ ಒಂದು ಗಂಟೆಗೆ, ಸಂಜೆ ನಾಲ್ಕಕ್ಕೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನೀಲಿ ರಟ್ಟಿನ ಉದ್ದ ಪುಸ್ತಕ. ಅದರ ಮೊದಲ ಪುಟದಲ್ಲಿ ಮಾಸ್ಟ್ರು ತಮ್ಮ ಕೈಯಾರೆ ಊರಿನ ಹೆಸರು, ಶಾಲೆಯ ಹೆಸರು, ಸಮುದ್ರದಿಂದ ಇರುವ ದೂರ ಬರೆದಿದ್ದರು. ಸಮುದ್ರ ಇಲ್ಲಿಂದ ನೇರ ಗೆರೆ ಎಳೆದರೆ ಏಳೆಂಟು ಕಿಲೋಮೀಟರ್.

ಜುಲೈ ತಿಂಗಳಲ್ಲಿ ಮಧ್ಯಾಹ್ನದ ಅಂಕಿ 27, 28ರ ಆಸುಪಾಸಿನಲ್ಲಿ ಇತ್ತು. ಜನವರಿ ಬಂತು. ಮಧ್ಯಾಹ್ನ ನೋಡಿದರೆ 33! ಮರುದಿನವೂ 33. ಪಾಠಪುಸ್ತಕದಲ್ಲಿ ಡಿಸೆಂಬರ್, ಜನವರಿ ಎಂದರೆ ವರ್ಷದಲ್ಲೇ ತಂಪಾದ ಕಾಲ ಎಂದು ಇತ್ತು. ಮಾಪಕ ಹಾಳಾಗಿದೆ ಎಂದು ನಾವೆಲ್ಲ ತೀರ್ಮಾನ ಮಾಡಿದೆವು. ಮಾಸ್ಟ್ರು ಏನೂ ಹೇಳಲಿಲ್ಲ. ಮರುದಿನ ಸೈಕಲಿನಲ್ಲಿ ಮೀನು ತರುವವರು ಶಾಲೆಯ ಎದುರು ಹಾದುಹೋಗುವಾಗ ಅವರನ್ನು ನಿಲ್ಲಿಸಿ, ಮೀನಿನ ಮೇಲೆ ಹಾಕಿದ್ದ ಐಸಿನ ಚೂರುಗಳನ್ನು ಒಂದು ಲೋಟದಲ್ಲಿ ಕೇಳಿ ತಂದರು. ತೊಳೆದು, ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ, ಅದರಲ್ಲಿ ಮಾಪಕದ ಬುರುಡೆ ಮುಳುಗಿಸಿ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿದರು. ಪಾದರಸ ಇಳಿಯುತ್ತಾ ಇಳಿಯುತ್ತಾ ಸೊನ್ನೆಯಲ್ಲಿ ನಿಂತಿತು. "ಮಾಪಕ ಸರಿ ಉಂಟು. ಇನ್ನು ನಾವು ಯೋಚನೆ ಮಾಡಬೇಕು" ಎಂದರು. ಬಂಗುಡೆ ಮೀನಿನ ವಾಸನೆಯ ಆ ಲೋಟವೇ ನಮ್ಮ ಮೊದಲ ಪ್ರಯೋಗಶಾಲೆ.

ಆ ವರ್ಷ ಒಂದು ಕಿರುಪರೀಕ್ಷೆಯಲ್ಲಿ 'ಹಗಲಿನ ಉಷ್ಣತೆ ಯಾವ ಕಾಲದಲ್ಲಿ ಅತಿ ಕಡಿಮೆ?' ಎಂದು ಕೇಳಿದ್ದರು. ನಾನು 'ಮಳೆಗಾಲ' ಎಂದು ಬರೆದು ಅಂಕ ಕಳೆದುಕೊಂಡೆ. ಉತ್ತರಪತ್ರಿಕೆ ಹಿಡಿದು ಮಾಸ್ಟ್ರ ಬಳಿ ಹೋದೆ. ಅವರು ಹೇಳಿದ್ದು ಈಗಲೂ ನೆನಪಿದೆ. "ಪುಸ್ತಕದ್ದು ದೇಶದ ಉತ್ತರ. ನಿನ್ನದು ನಮ್ಮೂರಿನ ಉತ್ತರ. ಯಾವ ಊರು ಎಂದು ಮೊದಲು ಬರೆ. ಆಮೇಲೆ ಯಾರೂ ತಪ್ಪು ಹಾಕಲಾರರು."

ಮುಂದೆ ನಾನು ಕೆಲಸಕ್ಕೆ ಸೇರಿದ ಇಲಾಖೆಯೂ ಮಾಡುವುದು ಅದನ್ನೇ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಗೆ ಇದೇ ತಿಂಗಳು 150 ವರ್ಷ ತುಂಬಿತು. ಅಲ್ಲಿನ ಪ್ರತಿ ಅಂಕಿಯ ಹಿಂದೆ ಒಂದು ಊರು, ಒಂದು ದಿನ, ಒಂದು ಗಂಟೆ ಇರುತ್ತದೆ. ಬೆಳಗ್ಗೆ ಎಂಟೂವರೆಗೆ ಬಿಳಿ ಬಣ್ಣದ ಮರದ ಗೂಡಿನ ಬಾಗಿಲು ತೆರೆಯುವುದು, ಮಾಪಕ ಓದುವುದು, ಬರೆಯುವುದು. ನಾಲ್ಕು ಅಡಿ ಎತ್ತರದ ಕಾಲುಗಳ ಮೇಲೆ ನಿಂತ ಆ ಗೂಡಿಗೆ ಸ್ಟೀವನ್‌ಸನ್ ಪೆಟ್ಟಿಗೆ ಎಂದು ಹೆಸರು. ಮೊದಲ ದಿನ ಅದನ್ನು ಕಂಡಾಗ ನನಗೆ ನಗು ಬಂತು. ನಮ್ಮ ಮಾಸ್ಟ್ರ ಪ್ಯಾಕಿಂಗ್ ಹಲಗೆಯ ಪೆಟ್ಟಿಗೆ ಅದರ ಬಡ ತಮ್ಮನ ಹಾಗಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಂಗಳೂರಿನಲ್ಲಿ ಜನವರಿಯ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 32ರಿಂದ 33 ಡಿಗ್ರಿ ಸೆಲ್ಸಿಯಸ್. ಜುಲೈಯಲ್ಲಿ 28ರಿಂದ 29. ಅಂದರೆ ಹಗಲಿನ ಮಟ್ಟಿಗೆ ನಮ್ಮ ಚಳಿಗಾಲ ಮಳೆಗಾಲಕ್ಕಿಂತ ಬಿಸಿ. ರಾತ್ರಿ ಮಾತ್ರ ಲೆಕ್ಕ ಬೇರೆ. ಜನವರಿಯ ನಸುಕಿನಲ್ಲಿ ಉಷ್ಣತೆ 20, 21ಕ್ಕೆ ಇಳಿಯುತ್ತದೆ. ಜುಲೈಯ ರಾತ್ರಿ ಅಷ್ಟು ಇಳಿಯುವುದಿಲ್ಲ. ಮಳೆಗಾಲದಲ್ಲಿ ಹಗಲು ರಾತ್ರಿಗಳ ನಡುವಿನ ಅಂತರ ಐದಾರು ಡಿಗ್ರಿ. ಚಳಿಗಾಲದಲ್ಲಿ ಹನ್ನೆರಡರ ಹತ್ತಿರ. ನಮ್ಮ ಚಳಿ ಇರುವುದು ರಾತ್ರಿಯಲ್ಲಿ ಮತ್ತು ಬೆಳಗಿನ ಜಾವದಲ್ಲಿ. ಒಂಬತ್ತು ಗಂಟೆಗೆ ಅದು ಮುಗಿಯಿತು.

ಯಾಕೆ ಹೀಗೆ? ಒಂದು ನಕಾಶೆ ಕಣ್ಣಮುಂದೆ ತಂದುಕೊಳ್ಳಿ. ಚೆನ್ನೈ, ಬೆಂಗಳೂರು, ಮಂಗಳೂರು, ಈ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 13 ಡಿಗ್ರಿ ಉತ್ತರದ ಗೆರೆಯ ಆಸುಪಾಸಿನಲ್ಲಿವೆ. ಮೂರರ ಮೇಲೂ ಬೀಳುವ ಸೂರ್ಯನ ಓರೆ ಒಂದೇ. ಆದರೆ ಜನವರಿಯ ಹಗಲು ಚೆನ್ನೈಯಲ್ಲಿ 29, 30 ಡಿಗ್ರಿ, ಬೆಂಗಳೂರಿನಲ್ಲಿ 27, 28. ನಮ್ಮಲ್ಲಿ 33. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ತಂಪು, ಅದು ಸರಿ. ಚೆನ್ನೈಯೂ ನಮ್ಮ ಹಾಗೆ ಕಡಲ ಬದಿಯ ಊರಲ್ಲವೇ? ವ್ಯತ್ಯಾಸ ಇರುವುದು ಗಾಳಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಚಳಿಗಾಲದಲ್ಲಿ ನಮ್ಮ ದೇಶದ ಈ ಭಾಗದಲ್ಲಿ ಗಾಳಿ ಈಶಾನ್ಯದಿಂದ, ಪೂರ್ವದಿಂದ ಬೀಸುತ್ತದೆ. ಚೆನ್ನೈಗೆ ಅದು ಬಂಗಾಳ ಕೊಲ್ಲಿಯ ನೀರಿನ ಮೇಲಿಂದ ಬರುವ ಗಾಳಿ. ನಮಗೆ ಅದು ನೆಲದ ಮೇಲಿಂದ ಬರುವ ಗಾಳಿ, ಅದೂ ಘಟ್ಟ ಇಳಿದು ಬರುವ ಗಾಳಿ. ಮೇ ತಿಂಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಚೆನ್ನೈ 37, 38ರಲ್ಲಿ ಕುದಿಯುವಾಗ ನಾವು ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುತ್ತೇವೆ. ಎರಡೂ ಕಡೆ ನಾನು ಕೆಲಸ ಮಾಡಿದ್ದೇನೆ, ಎರಡರ ಬೆವರೂ ಗೊತ್ತು.

ಘಟ್ಟ ಇಳಿಯುವ ಗಾಳಿಗೆ ಏನಾಗುತ್ತದೆ ಎಂಬುದನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಸೈಕಲ್ ಟಯರಿಗೆ ಪಂಪಿನಿಂದ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಘಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಕೆಳಗೆ ಹೆಚ್ಚು. ಹಾಗಾಗಿ ಒಣಗಾಳಿ ಪ್ರತಿ 100 ಮೀಟರ್ ಇಳಿದಾಗಲೂ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ಸಕಲೇಶಪುರದ ಕಡೆಯ 900 ಮೀಟರ್ ಎತ್ತರದಿಂದ 22 ಡಿಗ್ರಿಯ ಗಾಳಿ ಹೊರಟಿತು ಎಂದುಕೊಳ್ಳಿ. ನಮ್ಮ ಮಟ್ಟಕ್ಕೆ ಇಳಿಯುವಾಗ ಅದು 31 ಡಿಗ್ರಿ! ಮೇಲೆ ಶಾಲು ಹೊದೆದು ಹೊರಟವನು ಇಳಿಯುವಾಗ ಅಂಗಿ ಬಿಚ್ಚುವ ಕಥೆ. ಅದರ ಮೇಲೆ ಮೋಡವಿಲ್ಲದ ಆಕಾಶ. ಡಿಸೆಂಬರಿನ ನಡು ಮಧ್ಯಾಹ್ನದಲ್ಲೂ ನಮ್ಮೂರಲ್ಲಿ ಸೂರ್ಯ ದಿಗಂತದಿಂದ 54 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ದೆಹಲಿಯಲ್ಲಿ 38 ಡಿಗ್ರಿ ಮಾತ್ರ. ಉತ್ತರದ ಚಳಿ ಉತ್ತರದವರಿಗೇ ಇರಲಿ ಎಂದು ಅವನು ನಮ್ಮನ್ನು ಬಿಟ್ಟುಕೊಟ್ಟಿಲ್ಲ.

ನಮ್ಮನ್ನು ಕಾಪಾಡುವುದು ಕಡಲು. ನೆಲದಷ್ಟು ಬೇಗ ನೀರು ಬಿಸಿಯಾಗುವುದೂ ಇಲ್ಲ, ತಣಿಯುವುದೂ ಇಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಅಷ್ಟೇ ತೂಕದ ಒಣ ಮಣ್ಣಿಗೆ ಬೇಕಾದುದರ ನಾಲ್ಕೈದು ಪಟ್ಟು. ಜನವರಿಯಲ್ಲೂ ನಮ್ಮ ಕಡಲ ಮೇಲ್ಮೈ ನೀರು ಸುಮಾರು 28 ಡಿಗ್ರಿಯಲ್ಲಿ ಇರುತ್ತದೆ. ಆದ್ದರಿಂದಲೇ ಪಟ್ಟಣದ ರಾತ್ರಿ ಹೆಚ್ಚು ತಣ್ಣಗಾಗುವುದಿಲ್ಲ. ಒಳನಾಡಿನ ಬೆಳ್ತಂಗಡಿ, ಸುಳ್ಯದ ಕಣಿವೆಗಳಲ್ಲಿ ಬೆಳಗ್ಗೆ ಹಲ್ಲು ಕಟಕಟ ಎನ್ನುವಾಗ ಹಂಪನಕಟ್ಟೆಯಲ್ಲಿ ಅರ್ಧ ತೋಳಿನ ಅಂಗಿ ಸಾಕು. ಅದೇ ಕಡಲು ಹಗಲಲ್ಲಿ ನಮಗೆ ಗಾಳಿ ಕಳಿಸುತ್ತದೆ. ನೆಲ ಕಾದು ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ತಂಪುಗಾಳಿ ನುಗ್ಗುತ್ತದೆ. ರಾತ್ರಿ ಅದೇ ತಿರುಗುಮುರುಗು. ತೆಂಗಿನ ಮಡಲು ನೋಡಿದರೆ ಸಾಕು. ಚಳಿಗಾಲದ ಬೆಳಗ್ಗೆ ಅದು ಕಡಲ ಕಡೆಗೆ ಓಲಾಡುತ್ತದೆ, ಮಧ್ಯಾಹ್ನದ ಮೇಲೆ ಘಟ್ಟದ ಕಡೆಗೆ. ಹಾಯಿ ದೋಣಿಯ ಕಾಲದಲ್ಲಿ ಮೊಗವೀರರು ನಸುಕಿನ ನೆಲಗಾಳಿ ಹಿಡಿದು ಕಡಲಿಗೆ ಇಳಿದು, ಮಧ್ಯಾಹ್ನದ ಕಡಲಗಾಳಿ ಹಿಡಿದು ದಡಕ್ಕೆ ಮರಳುತ್ತಿದ್ದರು. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ.

ಕಷ್ಟ ಬರುವುದು ಕಡಲಗಾಳಿ ತಡವಾದ ದಿನ. ಪೂರ್ವದ ಗಾಳಿ ಬಲವಾಗಿದ್ದರೆ ಅದು ಕಡಲಗಾಳಿಯನ್ನು ದಡದಲ್ಲೇ ತಡೆದು ನಿಲ್ಲಿಸುತ್ತದೆ. ಹನ್ನೊಂದು, ಹನ್ನೆರಡು ಗಂಟೆಗೆ ಬರಬೇಕಾದದ್ದು ಎರಡಾದರೂ ಬರುವುದಿಲ್ಲ. ಅಂಥ ದಿನ ಉಷ್ಣತೆ 35, 36 ಮುಟ್ಟುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಎಷ್ಟೋ ದಿನ ಇಡೀ ದೇಶದ ಬಯಲು ಪ್ರದೇಶಗಳಲ್ಲೇ ಅತಿ ಹೆಚ್ಚು ಹಗಲಿನ ಉಷ್ಣತೆ ದಾಖಲಾಗುವುದು ರಾಜಸ್ಥಾನದಲ್ಲಲ್ಲ, ನಮ್ಮ ಕರಾವಳಿಯ ಕಾರವಾರ, ಹೊನ್ನಾವರ, ಪಣಂಬೂರುಗಳಲ್ಲಿ. ಉತ್ತರದಲ್ಲಿ ಶೀತಗಾಳಿಗೆ ಶಾಲೆಗಳಿಗೆ ರಜೆ ಕೊಟ್ಟ ದಿನವೇ ಇಲ್ಲಿ ದೇಶದ ಅತಿ ಬಿಸಿಯ ಊರಿನ ಪಟ್ಟ!

ಹಾಗೆಂದು ನಮ್ಮ ಚಳಿಗಾಲವನ್ನು ನಾನು ದೂರುವವನಲ್ಲ. ನಮ್ಮ ವರ್ಷದ ಅರ್ಧ ಬದುಕು ನಿಂತಿರುವುದೇ ಈ ಮೂರು ನಾಲ್ಕು ತಿಂಗಳುಗಳ ಮೇಲೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ನಮ್ಮದು. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಹೋಗುತ್ತದೆ. ಮತ್ತೆ ಒಣಗಿದ ಆಕಾಶ. ಆ ಒಣ ಆಕಾಶವನ್ನು ನಂಬಿಯೇ ಅಡಿಕೆ ಅಂಗಳಕ್ಕೆ ಬೀಳುತ್ತದೆ, ಯಕ್ಷಗಾನದ ಮೇಳಗಳು ಹೊರಡುತ್ತವೆ, ಕಂಬಳದ ಕರೆಗೆ ನೀರು ಬಿಡುತ್ತಾರೆ, ಕೋಲ ನೇಮಗಳ ದಿನ ನಿಗದಿಯಾಗುತ್ತದೆ. ಏಣೆಲು ಕೊಯಿಲು ಮುಗಿದ ಗದ್ದೆಗೆ ಸುಗ್ಗಿ ಬೆಳೆ, ಆಮೇಲೆ ನೀರಿದ್ದ ಕಡೆ ಕೊಳಕೆ. ಅದಕ್ಕಾಗಿ ಹೊಳೆಗೆ, ತೋಡಿಗೆ ಕಟ್ಟ ಕಟ್ಟುತ್ತಿದ್ದೆವು. ಕಲ್ಲು, ಮಣ್ಣು, ಸೊಪ್ಪು ಹಾಕಿ ಊರವರೆಲ್ಲ ಸೇರಿ ಕಟ್ಟಿದ ಕಟ್ಟದ ಮೇಲೆ ನಡೆದು ಶಾಲೆಗೆ ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ? ಪರವಾಗಿಲ್ಲ, ಇನ್ನೂ ಇದ್ದೀರಿ.

ರಾತ್ರಿಯ ಆ ಸ್ವಲ್ಪ ತಂಪಿಗೂ ಬೆಲೆ ಇದೆ. ಮಾವು ಹೂ ಬಿಡುವುದಕ್ಕೆ ಆ ತಂಪು ಬೇಕು. ಗೇರು ಹೂ ಬಿಡುವುದೂ ಇದೇ ಕಾಲದಲ್ಲಿ. ಮಲ್ಲಿಗೆಗೆ ಮಾತ್ರ ಈ ಇಬ್ಬನಿ ಆಗುವುದಿಲ್ಲ. ಮೊಗ್ಗು ಕಡಿಮೆಯಾಗಿ, ಮದುವೆಯ ದಿನಗಳಲ್ಲಿ ಅಟ್ಟಿಗೆ ಕೊಡುವ ಹಣ ಕೇಳಿದರೆ ಮದುಮಗಳ ತಂದೆಗೆ ನಿಜವಾದ ಚಳಿ ಹಿಡಿಯುತ್ತದೆ.

ಈಗ ಸ್ವಲ್ಪ ಭಾರದ ಮಾತು. 1986ರ ಫೆಬ್ರವರಿ. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ರಜೆಯಲ್ಲಿ ಊರಿಗೆ ಬಂದಿದ್ದೆ. ನನ್ನ ಅಪ್ಪ ಬೇರೆಯವರ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಆ ದಿನ ಬೆಳಗ್ಗೆ ಏಳರಿಂದ ಅಡಿಕೆ ಹೊತ್ತು ಅಂಗಳದಲ್ಲಿ ಹರಡುವ ಕೆಲಸ. ಮಧ್ಯಾಹ್ನ ಒಂದೂವರೆಗೆ ಇಬ್ಬರು ಅವರನ್ನು ಹಿಡಿದುಕೊಂಡು ಮನೆಗೆ ತಂದರು. ಮುಖ ಬಿಳಿಚಿತ್ತು. ಮೈ ಮುಟ್ಟಿದರೆ ತಣ್ಣಗೆ, ಅಂಟು ಬೆವರು. ಕೈಕಾಲು ನಡುಗುತ್ತಿತ್ತು. 'ಚಳಿಜ್ವರ' ಎಂದು ಯಾರೋ ಹೇಳಿದರು. ಚಳಿಗಾಲ, ಮೈ ತಣ್ಣಗೆ, ನಡುಕ. ಯಾರಿಗೂ ಸಂಶಯ ಬರಲಿಲ್ಲ. ಒಳಗಿನಿಂದ ಕಂಬಳಿ ತಂದು ಹೊದೆಸಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನೇ.

ನೆರೆಮನೆಯಲ್ಲಿ ನಿವೃತ್ತ ದಾದಿಯೊಬ್ಬರು ಇದ್ದರು. ಸದ್ದು ಕೇಳಿ ಬಂದರು. ಒಳಗೆ ಬಂದವರೇ ಕಂಬಳಿ ಕಿತ್ತು ಮೂಲೆಗೆ ಎಸೆದರು. ಕಿಟಕಿ ತೆರೆಸಿದರು. ಬೈರಾಸು ನೀರಿನಲ್ಲಿ ಅದ್ದಿ ಕತ್ತಿಗೆ, ಕಂಕುಳಿಗೆ ಇಟ್ಟು, ಬೀಸಣಿಗೆ ನನ್ನ ಕೈಗೆ ಕೊಟ್ಟರು. ಅಪ್ಪನಿಗೆ ಪ್ರಜ್ಞೆ ಇದೆಯೇ ಎಂದು ಮಾತಾಡಿಸಿ ನೋಡಿ, ಗಂಜಿತಿಳಿಗೆ ಉಪ್ಪು ಹಾಕಿ ಸ್ವಲ್ಪಸ್ವಲ್ಪವಾಗಿ ಕುಡಿಸಿದರು. "ಇದು ಬಿಸಿಲು ತಾಗಿದ್ದು. ಇನ್ನು ಅರ್ಧ ಗಂಟೆ ಕಂಬಳಿಯಲ್ಲಿ ಬಿಟ್ಟಿದ್ದರೆ ನೀನು ಯಾವ ಹವಾಮಾನ ಹೇಳುತ್ತಿದ್ದೆ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ದಿನ ಮಧ್ಯಾಹ್ನದ ಉಷ್ಣತೆ ಎಷ್ಟಿರಬಹುದು ಎಂದು ಅಂದಾಜು ಮಾಡಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಜನವರಿಯ 33 ಡಿಗ್ರಿಯನ್ನು ನನ್ನ ಕೈಯಾರೆ ಬರೆದವನು. ಆದರೂ 'ಚಳಿಗಾಲ' ಎಂಬ ಒಂದು ಶಬ್ದ ನನ್ನ ಕಣ್ಣು ಕಟ್ಟಿತು.

ಅಪ್ಪ ಉಳಿದರು. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದರು. ಚಳಿಗಾಲದಲ್ಲಿ ಹನ್ನೊಂದೂವರೆಯಿಂದ ಮೂರೂವರೆವರೆಗೆ ಬಿಸಿಲಿಗೆ ಇಳಿಯುವುದಿಲ್ಲ ಎಂದು ಧಣಿಗಳಿಗೆ ಹೇಳಿಬಿಟ್ಟರು. ತಲೆಯ ಮೇಲೆ ಮುಟ್ಟಾಳೆ, ಬದಿಯಲ್ಲಿ ನೀರಿನ ಚೆಂಬು. ಅದೇ ಅವರ ಪಂಚಾಂಗ. ಇಲ್ಲಿ ಕೆಲಸ ಮಾಡಿಸುವವರೂ ಇದ್ದೀರಿ, ಮಾಡುವವರೂ ಇದ್ದೀರಿ. ನನ್ನ ಪ್ರಾರ್ಥನೆ ಇಷ್ಟೆ: ಬಿಸಿಲಿನ ಎಚ್ಚರಿಕೆಯನ್ನು ಏಪ್ರಿಲ್‌ಗೆ ಕಾಯ್ದಿರಿಸಬೇಡಿ, ಡಿಸೆಂಬರಿನಿಂದಲೇ ಸುರು ಮಾಡಿ. ಬಿಸಿಲಲ್ಲಿ ದುಡಿದವರಿಗೆ ತಲೆ ತಿರುಗಿದರೆ, ಮೈ ತಣ್ಣಗಾಗಿ ಬೆವರಿದರೆ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ನೀರು ತಟ್ಟಿ, ಪ್ರಜ್ಞೆ ಇದ್ದರೆ ಕುಡಿಸಿ. ಮೈ ಕಾದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಮೈ ತಣಿಸುತ್ತಲೇ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕಂಬಳಿ ಮಾತ್ರ ಮುಟ್ಟಬೇಡಿ.

ಇದನ್ನು ಈಗ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಕಾಲ ಬದಲಾಗುತ್ತಿದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 1901ರಿಂದ ಈಚಿನ ಎಲ್ಲ ಫೆಬ್ರವರಿಗಳಿಗಿಂತ ಹೆಚ್ಚಿತ್ತು. ಮೊನ್ನೆ ಮುಗಿದ 2024, 1901ರಿಂದ ಈಚೆಗೆ ದೇಶದಲ್ಲಿ ಅತಿ ಬಿಸಿಯ ವರ್ಷ ಎಂದು ಇಲಾಖೆ ಈ ತಿಂಗಳ ಆರಂಭದಲ್ಲಿ ಪ್ರಕಟಿಸಿದೆ. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಅದನ್ನು ಬಿಸಿಗಾಳಿ ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಚಳಿಗಾಲದ ವಾಡಿಕೆಯೇ 33 ಇರುವಾಗ ಆ ಗೆರೆ ಬಹಳ ದೂರವೇನಿಲ್ಲ.

ಒಣ ಆಕಾಶದ ನಂಬಿಕೆಯೂ ಅಲುಗಾಡುತ್ತಿದೆ. ಕಳೆದ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಉಳಿಕೆ ದಕ್ಷಿಣದ ನೆಲ ದಾಟಿ ನಮ್ಮ ಕಡೆಗೆ ಬಂತು. ಡಿಸೆಂಬರ್ 3ರಂದು ಮಳೆಗಾಗಿ ಜಿಲ್ಲೆಯ ಶಾಲೆಗಳಿಗೆ ರಜೆ! ಮಕ್ಕಳಿಗೆ ಖುಷಿ. ಅಂಗಳದಲ್ಲಿ ಅಡಿಕೆ ಹರಡಿದ್ದವರ ಮುಖ ನೋಡಬೇಕಿತ್ತು. ಒದ್ದೆಯಾದ ಅಡಿಕೆಗೆ ಬೂಸಲು ಬಂದರೆ ಒಂದು ವರ್ಷದ ದುಡಿಮೆ ಎರಡನೆಯ ದರಕ್ಕೆ ಹೋಯಿತು. ಹೂ ಬಿಡುವ ಹೊತ್ತಿಗೆ ಮೋಡ ಮುಸುಕಿದರೆ ಮಾವಿಗೆ ಜಿಗಿಹುಳು, ಬೂದಿರೋಗ.

ಊರೂ ಬದಲಾಗಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಹಂಚು ನಮ್ಮ ಮಾಡುಗಳ ಮೇಲೆ ಬಂತು. ಹಂಚಿನ ಸಂದಿನಲ್ಲಿ ಬಿಸಿ ಹೊರಟು ಹೋಗುತ್ತಿತ್ತು. ಈಗ ಕಾಂಕ್ರೀಟ್ ಚಪ್ಪಡಿ. ಅದು ಹಗಲು ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಉಗುಳುತ್ತದೆ. ಸುಗ್ಗಿ ಬೆಳೆ ನಿಂತ ಗದ್ದೆಗಳಲ್ಲಿ ಬಡಾವಣೆ ಎದ್ದಿದೆ. ನೀರು ನಿಂತ ಗದ್ದೆಯ ತಂಪು ಹೋಯಿತು. ಊರು ಪಟ್ಟಣಕ್ಕೆ ಹೋಗುವ ಮೊದಲೇ ಪಟ್ಟಣ ಊರಿಗೆ ಬಂದಿದೆ. ನಾನೂ ಕಾಂಕ್ರೀಟ್ ಮನೆಯಲ್ಲೇ ಇದ್ದೇನೆ. ಯಾರನ್ನೂ ದೂರುತ್ತಿಲ್ಲ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಮಾರಾಯ್ರೆ, ನಾವು ಸಣ್ಣವರಿರುವಾಗ ಇದಕ್ಕಿಂತ ಜಾಸ್ತಿ ಚಳಿ ಇತ್ತಲ್ಲ?" ನನಗೂ ಹಾಗೇ ಅನಿಸುತ್ತದೆ. ಧನುರ್ಮಾಸದ ಪೂಜೆಗೆ ಕತ್ತಲಲ್ಲಿ ಕೆರೆಯಲ್ಲಿ ಮುಳುಗಿ ನಡುಗಿದ್ದು, ಬಯಲಾಟ ನೋಡುವಾಗ ಮಂಜಿಗೆ ಬೈರಾಸು ತಲೆಗೆ ಕಟ್ಟಿ ಕುಳಿತದ್ದು, ಬೆಳಗ್ಗೆ ಬೈಹುಲ್ಲಿಗೆ ಬೆಂಕಿ ಹಾಕಿ ಕೈ ಕಾಯಿಸಿದ್ದು, ಎಲ್ಲ ನೆನಪಿದೆ. ಆದರೆ ಆಗ ನಮಗೆ ಇದ್ದದ್ದು ತೆಳು ಅಂಗಿ, ಸೆಗಣಿ ಸಾರಿಸಿದ ನೆಲ, ಮೂವರಿಗೆ ಒಂದು ಹೊದಿಕೆ. ನೆನಪಿನ ಚಳಿಯಲ್ಲಿ ಉಷ್ಣತೆ ಎಷ್ಟು, ಬಡತನ ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ನೆನಪು ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಅಂಕಿ ಗೊತ್ತಿಲ್ಲ. ಪಣಂಬೂರಿನ ಅಂಕಿ ಪಣಂಬೂರಿಗೆ, ಬಜಪೆಯ ಅಂಕಿ ಗುಡ್ಡದ ಮೇಲಿನ ಬಜಪೆಗೆ. ನಮ್ಮೂರಿನದು ಎಂದು ಹೇಳಲು ಇದ್ದದ್ದು ಒಂದೇ, ಆ ನೀಲಿ ರಟ್ಟಿನ ಪುಸ್ತಕ. ಎರಡು ವರ್ಷದ ಲೆಕ್ಕ, ದಿನಕ್ಕೆ ಮೂರು ಅಂಕಿ.

ಅದು ಏನಾಯಿತು ಎಂದು ಇಲ್ಲಿಯವರೆಗೆ ನಾನು ಯಾರಿಗೂ ಹೇಳಿಲ್ಲ. ಶಾಲೆ ಹೊಸ ಕಟ್ಟಡಕ್ಕೆ ಹೋಗುವಾಗ ಕಳೆದುಹೋಯಿತು ಎಂದೇ ಎಲ್ಲರೂ ತಿಳಿದಿದ್ದಾರೆ. ಮಾಸ್ಟ್ರೂ ಹಾಗೆಯೇ ತಿಳಿದಿದ್ದರು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನ ಪ್ರತಿ ಮಾಡಿಕೊಳ್ಳುತ್ತೇನೆಂದು ಅದನ್ನು ನಾನು ಮನೆಗೆ ಒಯ್ದಿದ್ದೆ. ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ಅಟ್ಟದಲ್ಲಿ ಇಟ್ಟೆ. ಮಳೆಗಾಲ ಮುಗಿದು ತೆಗೆದು ನೋಡುವಾಗ ಒರಲೆ ಹಿಡಿದು ಮಣ್ಣಾಗಿತ್ತು. ರಟ್ಟು ಮಾತ್ರ ಉಳಿದಿತ್ತು. ಹೋಗಿ ಹೇಳುವ ಧೈರ್ಯ ಬರಲಿಲ್ಲ. ಮುಂದೆ ಪ್ರತಿ ಬಾರಿ ರಜೆಯಲ್ಲಿ ಬಂದಾಗಲೂ ಅವರನ್ನು ಕಂಡು ನಮಸ್ಕಾರ ಮಾಡಿದ್ದೇನೆ. ಪ್ರತಿ ಬಾರಿಯೂ ಹೇಳದೆ ಬಂದಿದ್ದೇನೆ. ಈಗ ಅವರಿಲ್ಲ. ಅವರ ಮನೆಯವರು ಈ ಸಭೆಯಲ್ಲಿದ್ದಾರೆ. ಅವರ ಎದುರು ಹೇಳುತ್ತಿದ್ದೇನೆ. ತಪ್ಪು ಶಾಲೆಯದಲ್ಲ, ನನ್ನದು. ಐವತ್ತು ವರ್ಷದ ಹಿಂದೆ ನಮ್ಮೂರಲ್ಲಿ ಎಷ್ಟು ಚಳಿ ಇತ್ತು ಎಂದು ಇವತ್ತು ಯಾರೂ ಹೇಳಲಾರದ ಹಾಗೆ ಮಾಡಿದವನು ನಾನು.

ಆ ನಷ್ಟ ತುಂಬಿಸಲು ಬರುವುದಿಲ್ಲ. ಕಳೆದ ಐವತ್ತು ವರ್ಷ ಹೋಯಿತು. ಮುಂದಿನ ಐವತ್ತು ವರ್ಷ ಇದೆ. ವೇದಿಕೆಯ ಬದಿಯಲ್ಲಿ ಬಿಳಿ ಬಣ್ಣದ ಒಂದು ಪೆಟ್ಟಿಗೆ ಕಾಣುತ್ತಿದೆಯಲ್ಲ, ಅದರಲ್ಲಿ ಗರಿಷ್ಠ ಉಷ್ಣತೆ ಹೇಳುವ ಒಂದು ಮಾಪಕ, ಕನಿಷ್ಠ ಹೇಳುವ ಇನ್ನೊಂದು ಮಾಪಕ ಇವೆ. ಜೊತೆಗೆ ಒಂದು ಮಳೆಮಾಪಕ. ಮುಖ್ಯೋಪಾಧ್ಯಾಯರ ಅನುಮತಿಯಿಂದ ಅದನ್ನು ಶಾಲೆಯ ಬಡಗು ಬದಿಯ ಹುಲ್ಲಿನ ಜಾಗದಲ್ಲಿ ನಿಲ್ಲಿಸುತ್ತೇವೆ. ಎಂಟನೆಯ ತರಗತಿಯ ಮಕ್ಕಳು ಪಾಳಿಯಲ್ಲಿ ಓದಿ ಬರೆಯಲಿ. ಕಡಲಗಾಳಿ ಎಷ್ಟು ಗಂಟೆಗೆ ಬಂತು ಎಂಬುದನ್ನೂ ಒಂದು ಅಂಕಣದಲ್ಲಿ ಬರೆಯಿರಿ. ಅದಕ್ಕೆ ಯಂತ್ರ ಬೇಡ, ಧ್ವಜಸ್ತಂಭದ ಬಳಿಯ ತೆಂಗಿನ ಮಡಲು ಸಾಕು. ಅಂಕಿ 34 ದಾಟಿದ ದಿನ ಮಧ್ಯಾಹ್ನದ ಆಟ ಬಿಟ್ಟು ಸಂಜೆಗೆ ಆಡಿ, ನೀರು ಕುಡಿಯಲು ಒಂದು ಗಂಟೆ ಹೆಚ್ಚು ಹೊಡೆಯಿರಿ. ಪುಸ್ತಕದ ಎರಡು ಪ್ರತಿ ಇರಲಿ, ಒಂದು ಶಾಲೆಯಲ್ಲಿ, ಒಂದು ಪಂಚಾಯತಿನ ವಾಚನಾಲಯದಲ್ಲಿ. ಯಾವ ಕಾರಣಕ್ಕೂ ಯಾರಿಗೂ ಮನೆಗೆ ಒಯ್ಯಲು ಕೊಡಬೇಡಿ. ನನ್ನಂಥ ಪ್ರಾಮಾಣಿಕ ವಿದ್ಯಾರ್ಥಿ ಕೇಳಿದರೂ ಕೊಡಬೇಡಿ.

2074ರಲ್ಲಿ ಈ ಶಾಲೆಗೆ ನೂರು ತುಂಬಿದಾಗ ಇಲ್ಲಿರುವ ಮಕ್ಕಳಲ್ಲಿ ಕೆಲವರು ಅರುವತ್ತು ದಾಟಿ ಈ ವೇದಿಕೆಯಲ್ಲಿ ಕುಳಿತಿರುತ್ತೀರಿ. ಸಭೆಯಿಂದ ಯಾರಾದರೂ ಎದ್ದು ನಿಂತು ಕೇಳಿಯೇ ಕೇಳುತ್ತಾರೆ, ಹಿಂದೆ ಇದಕ್ಕಿಂತ ಜಾಸ್ತಿ ಚಳಿ ಇತ್ತಲ್ಲ ಎಂದು. ಆಗ ನೀವು ಪುಸ್ತಕ ತೆರೆದು ತಾರೀಕು ನೋಡಿ ಉತ್ತರ ಹೇಳಬೇಕು. ಮೊದಲ ಪುಟ ನಿನ್ನೆ ರಾತ್ರಿ ನಾನು ಬರೆದಿದ್ದೇನೆ. ಊರಿನ ಹೆಸರು, ಶಾಲೆಯ ಹೆಸರು, ಸಮುದ್ರದಿಂದ ದೂರ. ರಟ್ಟು ಮಾತ್ರ ಹೊಸದಲ್ಲ. ಅದು ಹಳೆಯ ನೀಲಿ ರಟ್ಟೇ.

ನಾಳೆ ಬೆಳಗ್ಗೆ ಎಂಟೂವರೆಗೆ ನಾನು ಇಲ್ಲಿರುತ್ತೇನೆ. ಮೊದಲ ಅಂಕಿ ಬರೆಯಲು ಯಾರಾದರೂ ಇಬ್ಬರು ಮಕ್ಕಳು ಬನ್ನಿ. ಆ ಹೊತ್ತಿಗೆ ಸ್ವಲ್ಪ ಚಳಿ ಇರುತ್ತದೆ.